13,500 ಪೌಂಡಿನ ಟ್ರೇಲರ್ ಕಟ್ಟಿಕೊಂಡು ರಾಕಿ ಪರ್ವತ ದಾಟಲು ಮುಕ್ಕಾಲು ಟನ್ನಿನ ಡೀಸೆಲ್ ಪಿಕಪ್ ಸಾಕೇ?

ಅರೋರಾದ ಹೊಸಬ

ಎಲ್ಲರಿಗೂ ನಮಸ್ಕಾರ. ನಾವು ಕೊಲೊರಾಡೊದ ಅರೋರಾದಲ್ಲಿ ನೆಲೆಸಿರುವ ನಾಲ್ವರ ಕುಟುಂಬ. ಬರುವ ಬೇಸಿಗೆಗೆ ಫಿಫ್ತ್ ವೀಲ್ ಮಾದರಿಯ ವಸತಿ ಟ್ರೇಲರ್ ಒಂದನ್ನು ಕೊಂಡು, ಐ-70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟು, ಗ್ರ್ಯಾಂಡ್ ಜಂಕ್ಷನ್ ದಾಟಿ ಯೂಟಾದ ಮೋಆಬ್‌ವರೆಗೆ ಹೋಗಿಬರಬೇಕೆಂಬ ಯೋಚನೆಯಿದೆ. ನಾವು ಮೆಚ್ಚಿರುವ ಟ್ರೇಲರಿನ ಒಟ್ಟು ತೂಕದ ಮಿತಿ 13,500 ಪೌಂಡ್. ಎಳೆಯಲು ನೋಡಿರುವುದು ನಾಲ್ಕು ಬಾಗಿಲಿನ, ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ, 6.7 ಲೀಟರ್ ಡೀಸೆಲ್ ಎಂಜಿನ್ನಿನ, ಬಳಸಿದ ಮುಕ್ಕಾಲು ಟನ್ ಪಿಕಪ್ (ಇದು ವರ್ಗದ ಹೆಸರಷ್ಟೇ, ಹೊರುವ ನಿಜವಾದ ತೂಕವಲ್ಲ). ಇದು 18,000 ಪೌಂಡ್ ಎಳೆಯುತ್ತದೆ, ಆದ್ದರಿಂದ ನಿಮಗೆ ಇನ್ನೂ 4,500 ಪೌಂಡ್ ಮಿಗುತ್ತದೆ ಎಂದು ಮಾರಾಟಗಾರರು ಹೇಳುತ್ತಿದ್ದಾರೆ. ಈ ಲೆಕ್ಕ ಸರಿಯೇ? ಇನ್ನೊಂದು ವಿಷಯವನ್ನೂ ಹೇಳಬೇಕು: ಉಳಿದ ದಿನಗಳಲ್ಲಿ ಈ ಗಾಡಿ ಆರು ಮೈಲಿ ದೂರದ ಕಚೇರಿಗೆ ಹೋಗಿಬರುವುದಕ್ಕೆ ಬಳಕೆಯಾಗುತ್ತದೆ. ಹಾಗಿದ್ದರೂ ಡೀಸೆಲ್ಲೇ ಬೇಕೇ?

ಘಟ್ಟದ ದಾರಿ

ಮಾರಾಟಗಾರರು ಹೇಳಿದ ಅಂಕಿ ಸುಳ್ಳಲ್ಲ, ಆದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲ. ಗಾಡಿ ಎಷ್ಟನ್ನು ಎಳೆಯಬಲ್ಲದು ಎಂಬುದು ಒಂದು ಲೆಕ್ಕ, ಎಷ್ಟನ್ನು ಹೊರಬಲ್ಲದು ಎಂಬುದು ಇನ್ನೊಂದು. ಫಿಫ್ತ್ ವೀಲ್ ಟ್ರೇಲರಿನ ಮೂತಿ ಬಂಪರಿನ ಹಿಂದೆ ತೂಗಾಡುವುದಿಲ್ಲ. ಅದು ಪಿಕಪ್ಪಿನ ಲೋಡ್ ಬಾಡಿಯೊಳಗೆ, ಹಿಂದಿನ ಆಕ್ಸಲ್ಲಿನ ನೆತ್ತಿಯ ಮೇಲೆಯೇ ಬಂದು ಕೂರುತ್ತದೆ. ಹೀಗೆ ಕೂರುವ ಪಿನ್ ಭಾರವು ಟ್ರೇಲರಿನ ತೂಕದ ಶೇ. 15ರಿಂದ 25ರವರೆಗೆ ಇರುತ್ತದೆಯಾದ್ದರಿಂದ, ಕೊಳ್ಳುವ ಮುನ್ನ ಶೇ. 20 ಎಂದು ಹಿಡಿಯುವುದು ವಾಡಿಕೆ. ನಿಮ್ಮ ಟ್ರೇಲರ್ ಪೂರ್ತಿ ತುಂಬಿದಾಗ ಆ ಭಾರ 2,700 ಪೌಂಡ್ ಆಗುತ್ತದೆ. ಅದಕ್ಕೆ ಟ್ರೇಲರನ್ನು ಪಿಕಪ್ಪಿಗೆ ಜೋಡಿಸುವ ಕೊಂಡಿಯಾದ ಹಿಚ್ಚಿನ 150, ನಾಲ್ಕು ಜನರ 600, ಕ್ಯಾಬಿನ್ನಿನಲ್ಲಿ ಇಡುವ ಸಾಮಾನಿನ 100 ಪೌಂಡುಗಳನ್ನು ಸೇರಿಸಿದರೆ ಒಟ್ಟು 3,550 ಪೌಂಡ್ ಪಿಕಪ್ಪಿನ ಬೆನ್ನ ಮೇಲೆ ಬೀಳುತ್ತದೆ.

ಈಗ ಆ ಗಾಡಿಯ ಚಾಲಕನ ಬಾಗಿಲನ್ನು ತೆರೆದು ನೋಡಿ. ಬಾಗಿಲು ಮುಚ್ಚುವ ಕಂಬದ ಮೇಲೆ ಟೈರಿನ ಗಾಳಿಯ ಒತ್ತಡವನ್ನು ಬರೆದಿರುವ ಬಿಳಿ–ಹಳದಿ ಚೀಟಿಯೊಂದು ಅಂಟಿರುತ್ತದೆ. ಜನ ಮತ್ತು ಸಾಮಾನು ಎರಡೂ ಸೇರಿ ಇಷ್ಟು ಪೌಂಡ್ ಮೀರಬಾರದು ಎಂಬ ಸಾಲು ಅದರಲ್ಲೇ ಇದೆ. ನೀವು ಹೇಳಿದಂಥ ಡೀಸೆಲ್ ಗಾಡಿಗಳಲ್ಲಿ ಆ ಅಂಕಿ ಸಾಮಾನ್ಯವಾಗಿ 2,000ದಿಂದ 2,500ರ ಆಸುಪಾಸಿನಲ್ಲಿರುತ್ತದೆ. ಡೀಸೆಲ್ ಎಂಜಿನ್ನು ತಾನೇ ನೂರಾರು ಪೌಂಡ್ ಹೆಚ್ಚು ತೂಗುತ್ತದೆ. ಮೇಲ್ಛಾವಣಿಯ ಗಾಜು, ಬಿಸಿಯಾಗುವ ಆಸನ ಮುಂತಾದ ಪ್ರತಿಯೊಂದು ಐಷಾರಾಮವೂ ಹೊರುವ ಶಕ್ತಿಯಿಂದಲೇ ಕಡಿತವಾಗುತ್ತದೆ. ಹಾಗಾಗಿ ಎಳೆಯುವ ಲೆಕ್ಕದಲ್ಲಿ ನಿಮಗೆ 4,500 ಪೌಂಡ್ ಮಿಗುತ್ತಿರುವಾಗಲೇ ಹೊರುವ ಲೆಕ್ಕದಲ್ಲಿ ಸಾವಿರಕ್ಕೂ ಹೆಚ್ಚು ಪೌಂಡ್ ಮೀರಿರುತ್ತದೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ಮೊದಲನೆಯ ಅಂಕಿ ಮಾತ್ರ.

ಅರೋರಾದ ಹೊಸಬ

ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು, ಸರ್. ಆದರೆ ಒಂದು ಗೊಂದಲ ಉಳಿದಿದೆ. ಹೊರಲಾಗದ ತೂಕವನ್ನು ಎಳೆಯಬಹುದು ಎಂದು ತಯಾರಕರು ಅಚ್ಚು ಹಾಕುವುದಾದರೂ ಹೇಗೆ? ಅದಕ್ಕೆ ಯಾವುದೇ ನಿಯಮವಿಲ್ಲವೇ?

ಡೆಟ್ರಾಯಿಟ್ ಕಡೆಯವನು

ವಾಹನಗಳ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುವವನಾದ್ದರಿಂದ ಇದಕ್ಕೆ ನಾನು ಉತ್ತರಿಸುತ್ತೇನೆ. ಕಡ್ಡಾಯದ ಕಾನೂನಲ್ಲದಿದ್ದರೂ ವಾಹನ ಎಂಜಿನಿಯರುಗಳ ಸಂಘ ರೂಪಿಸಿದ ಮಾನದಂಡವೊಂದು ಇದೆ, ಅದರ ಹೆಸರು ಎಸ್‌ಎಇ ಜೆ2807. 2008ರಲ್ಲಿ ಪ್ರಕಟವಾದ ಈ ಮಾನದಂಡಕ್ಕೆ ಮುಂಚೆ ಪ್ರತಿಯೊಂದು ಕಂಪನಿಯೂ ತನಗೆ ತೋಚಿದ ರೀತಿಯಲ್ಲಿ ಅಳೆದು ಅಂಕಿ ಹೇಳುತ್ತಿತ್ತು. ಟೊಯೋಟಾ 2011ರ ಟಂಡ್ರಾ ಮಾದರಿಯಿಂದ ಇದನ್ನು ಒಪ್ಪಿಕೊಂಡಿತು. ಅಮೆರಿಕದ ಮೂರು ದೊಡ್ಡ ಕಂಪನಿಗಳು ನಿಧಾನವಾಗಿ ಹಿಂದೆ ಬಂದವು.

ಪರೀಕ್ಷೆಯ ಅತಿ ಪ್ರಸಿದ್ಧ ಭಾಗವು ಅರಿಜೋನಾದ ಡೇವಿಸ್ ಡ್ಯಾಮ್ ಏರಿನದು. ಬುಲ್‌ಹೆಡ್ ಸಿಟಿಯಿಂದ ಯೂನಿಯನ್ ಪಾಸ್‌ವರೆಗೆ 11.4 ಮೈಲಿ ಉದ್ದದ, ಸುಮಾರು 3,000 ಅಡಿ ಮೇಲೇರುವ ಆ ರಸ್ತೆಯನ್ನು, ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿನ ಬಿಸಿಲಿರುವಾಗ, ಏಸಿಯನ್ನು ಪೂರ್ತಿ ಹಾಕಿಕೊಂಡೇ ಹತ್ತಬೇಕು. ಹಿಂದೆ ಎರಡೇ ಚಕ್ರವಿರುವ ಗಾಡಿ ಗಂಟೆಗೆ 40 ಮೈಲಿಗಿಂತ, ನಾಲ್ಕು ಚಕ್ರದ ಡ್ಯುಯಲಿ 35 ಮೈಲಿಗಿಂತ ಕೆಳಗೆ ಇಳಿಯುವಂತಿಲ್ಲ. ಎಂಜಿನ್ ಕಾದು ನಿಲ್ಲುವಂತಿಲ್ಲ. ಪರೀಕ್ಷೆ ಕಠಿಣವಾದದ್ದೇ.

ಆದರೆ ಪರೀಕ್ಷೆಯ ಹೊತ್ತಿನಲ್ಲಿ ಪಿಕಪ್ಪಿನೊಳಗೆ ಇರುವುದು ತಲಾ 150 ಪೌಂಡಿನ ಇಬ್ಬರು ಮತ್ತು 70 ಪೌಂಡಿನಷ್ಟು ಹಿಚ್ ಸಲಕರಣೆ ಮಾತ್ರ. ಫಿಫ್ತ್ ವೀಲಿನ ಪಿನ್ ಭಾರವನ್ನು ಶೇ. 15 ಎಂದು ಹಿಡಿಯಲಾಗುತ್ತದೆ. ಮುಂಭಾಗದಲ್ಲಿ ಮಲಗುವ ಕೋಣೆ, ಬಟ್ಟೆಯ ಕಪಾಟು, ಬ್ಯಾಟರಿ, ಜನರೇಟರ್ ಎಲ್ಲವನ್ನೂ ಹೊತ್ತ ವಸತಿ ಟ್ರೇಲರಿನಲ್ಲಿ ಅದು ಅಪರೂಪ. ಮೇಲಾಗಿ ಆ ಅಂಕಿಗೆ ಆರಿಸಿಕೊಳ್ಳುವುದು ಬಹುಪಾಲು ಹೆಚ್ಚಿನ ಅಲಂಕಾರಗಳಿಲ್ಲದ ಹಗುರವಾದ ಮಾದರಿಯನ್ನು. ಮಕ್ಕಳು, ನಾಯಿ, ಸೈಕಲ್ಲು, ನೀರಿನ ಕ್ಯಾನುಗಳ ಜೊತೆ ನೀವು ಹೊರಟಾಗ ಆ ಪರೀಕ್ಷೆಯ ಗಾಡಿ ನಿಮ್ಮದಾಗಿರುವುದಿಲ್ಲ.

ಎಂಜಿನ್ನಿನ ಶಕ್ತಿಯ ಬಗ್ಗೆ ಮಾತ್ರ ನೀವು ಚಿಂತಿಸಬೇಕಿಲ್ಲ. ಫೋರ್ಡಿನ 6.7 ಲೀಟರ್ ಪವರ್ ಸ್ಟ್ರೋಕ್ ಎಂಜಿನ್ನಿನ ಈಚಿನ ಹೆಚ್ಚಿನ ಶಕ್ತಿಯ ಆವೃತ್ತಿ 500 ಅಶ್ವಶಕ್ತಿ, 1,200 ಪೌಂಡ್-ಅಡಿ ಟಾರ್ಕ್ ಕೊಡುತ್ತದೆ, ಜಿಎಂನ 6.6 ಲೀಟರ್ ಡ್ಯೂರಾಮ್ಯಾಕ್ಸ್ 470 ಮತ್ತು 975. ರ್‍ಯಾಮ್‌ನ ಆರು ಸಿಲಿಂಡರಿನ ಕಮಿನ್ಸ್ 2025ರ ಮಾದರಿಯಲ್ಲಿ 430 ಮತ್ತು 1,075. ಇಂದಿನ ಡೀಸೆಲ್ ಪಿಕಪ್ಪುಗಳಲ್ಲಿ ಎಂಜಿನ್ನು ಸೋಲುವುದಕ್ಕಿಂತ ಬಹಳ ಮೊದಲೇ ಸ್ಪ್ರಿಂಗು, ಟೈರು ಮತ್ತು ಆಕ್ಸಲ್ಲುಗಳು ತಮ್ಮ ಮಿತಿ ಮುಟ್ಟುತ್ತವೆ. ಮುಕ್ಕಾಲು ಟನ್ನಿನ ಗಾಡಿಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣಲು ಕಾಗದದ ಕಾರಣವೂ ಇದೆ: ಒಟ್ಟು ತೂಕದ ಮಿತಿ 10,000 ಪೌಂಡ್ ಮೀರಿದರೆ ಗಾಡಿ ಬೇರೆ ವರ್ಗಕ್ಕೆ ಸೇರಿ, ವ್ಯಾಪಾರಕ್ಕೆ ಬಳಸುವವರಿಗೆ ಬೇರೆ ನಿಯಮಗಳು ಅನ್ವಯಿಸುವುದರಿಂದ, ಅನೇಕ ಮಾದರಿಗಳನ್ನು ಸರಿಯಾಗಿ 10,000ಕ್ಕೇ ನಿಲ್ಲಿಸಲಾಗುತ್ತದೆ.

ಪೆಟ್ರೋಲ್ ಪಕ್ಷ

ಹೊಸಬರು ಕೇಳಿದ ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ದಿನವೂ ಆರು ಮೈಲಿ ಓಡಿಸುವುದಾದರೆ ಡೀಸೆಲ್ ಕೊಳ್ಳುವುದು ಅವಿವೇಕವೆಂದೇ ನನ್ನ ಅಭಿಪ್ರಾಯ. ಈ ಎಂಜಿನ್ನುಗಳ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಸೋಸುಕವು, ಕಾದಾಗ ಮಾತ್ರ ಆ ಮಸಿಯನ್ನು ಸುಟ್ಟು ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಎಂಜಿನ್ ಬೆಚ್ಚಗಾಗುವಷ್ಟರಲ್ಲಿ ಕಚೇರಿ ತಲುಪಿ ನಿಲ್ಲಿಸಿಬಿಟ್ಟರೆ ಶುದ್ಧಿಯ ಕ್ರಿಯೆ ಪ್ರತಿಸಲವೂ ಅರ್ಧಕ್ಕೆ ನಿಲ್ಲುತ್ತದೆ, ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಕೊಳ್ಳುತ್ತದೆ, ಆಮೇಲೆ ಸರ್ವಿಸ್ ಸೆಂಟರಿನವರ ಕೈಯಲ್ಲಿ ಜೇಬು ಖಾಲಿಯಾಗುತ್ತದೆ. ಇದರ ಜೊತೆಗೆ ಹೊಗೆಯನ್ನು ಶುದ್ಧಗೊಳಿಸಲು ಬಳಸುವ, ಶೇ. 32.5 ಯೂರಿಯಾ ಇರುವ ಡಿಇಎಫ್ ದ್ರವವನ್ನೂ ತುಂಬಿಸುತ್ತಿರಬೇಕು. ಭಾರ ಎಳೆದಾಗ ಅದರ ಖರ್ಚು ಏರುತ್ತದೆ.

ಡೀಸೆಲ್ ಎಂಜಿನ್ನಿಗಾಗಿ ಹೊಸ ಗಾಡಿಯಲ್ಲಿ ಸುಮಾರು 10,000 ಡಾಲರ್ ಹೆಚ್ಚು ತೆರಬೇಕು. ಫೋರ್ಡಿನ 7.3 ಲೀಟರ್ ಪೆಟ್ರೋಲ್ ವಿ8 2020ರಿಂದಲೂ ಲಭ್ಯವಿದೆ, ಹಗುರವಾಗಿದೆ, ಅದೇ ಕಾರಣಕ್ಕೆ ಅದರ ಬಾಗಿಲ ಚೀಟಿಯಲ್ಲಿನ ಅಂಕಿಯೂ ಹೆಚ್ಚಾಗಿರುತ್ತದೆ. ವರ್ಷಕ್ಕೆ ಒಂದೆರಡು ಪ್ರವಾಸಕ್ಕೆ ಅದು ಧಾರಾಳವಾಗಿ ಸಾಕು.

ಘಟ್ಟದ ದಾರಿ

ಆರು ಮೈಲಿಯ ಓಡಾಟದ ಬಗ್ಗೆ ತಾವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಇವರು ಕ್ಯಾನ್ಸಸ್‌ನಲ್ಲೋ ಒಹಾಯೊದಲ್ಲೋ ಇದ್ದಿದ್ದರೆ ನಾನೂ ಪೆಟ್ರೋಲ್ ಎಂಜಿನ್ನನ್ನೇ ಸೂಚಿಸುತ್ತಿದ್ದೆ. ಆದರೆ ಇವರು ದಾಟಬೇಕಾಗಿರುವುದು ಐಸೆನ್‌ಹೋವರ್ ಸುರಂಗವನ್ನು. ಅದರ ಪಶ್ಚಿಮ ಬಾಯಿ ಸಮುದ್ರಮಟ್ಟದಿಂದ 11,158 ಅಡಿ ಎತ್ತರದಲ್ಲಿದೆ. ಅದನ್ನು ದಾಟಿದ ಮೇಲೆ 10,662 ಅಡಿಯ ವೇಲ್ ಪಾಸ್ ಎದುರಾಗುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನು ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ, ಸುರಂಗದ ಬಾಯಿಗೆ ಬರುವಷ್ಟರಲ್ಲಿ ಅದರ ಮೂರನೆಯ ಒಂದು ಭಾಗ ಹೋಗಿರುತ್ತದೆ. ಡೀಸೆಲ್ಲಿನ ಟರ್ಬೊ ತೆಳುಗಾಳಿಯನ್ನೇ ಒತ್ತಿ ತುಂಬಿಸುವುದರಿಂದ ಅದರ ನಷ್ಟ ಬಹಳ ಕಡಿಮೆ.

ಹತ್ತುವಾಗ ಶಕ್ತಿ ಕಡಿಮೆಯಾದರೆ ಬಲಗಡೆಯ ಲೇನಿನಲ್ಲಿ ಲಾರಿಗಳ ಹಿಂದೆ ನಿಧಾನವಾಗಿ ಹೋದರಾಯಿತು, ಅದರಿಂದ ಯಾರಿಗೂ ಅಪಾಯವಿಲ್ಲ. ನಾನು ಡೀಸೆಲ್ಲಿನ ಪರವಾಗಿ ವಾದಿಸುವುದು ಇಳಿಯುವ ಕಾರಣಕ್ಕೆ. ಸುರಂಗದಿಂದ ಸಿಲ್ವರ್‌ಥಾರ್ನ್ ಊರಿಗೆ ರಸ್ತೆ ಎರಡು ಸಾವಿರ ಅಡಿಗೂ ಹೆಚ್ಚು ಇಳಿಯುತ್ತದೆ, ಕೆಲವೆಡೆ ಇಳಿಜಾರು ಶೇ. 7ರಷ್ಟಿದೆ. ನಿಮ್ಮ ಪಿಕಪ್ಪು, ಟ್ರೇಲರು ಸೇರಿ ಸುಮಾರು ಹತ್ತು ಟನ್ ಎಂದಿಟ್ಟುಕೊಳ್ಳಿ. ಅಷ್ಟು ತೂಕ ಎರಡು ಸಾವಿರ ಅಡಿ ಇಳಿದಾಗ ಹೊರಬೀಳುವ ಶಕ್ತಿ ನಮ್ಮ ಮನೆಯ ಮೀಟರಿನ ಲೆಕ್ಕದಲ್ಲಿ ಹದಿನಾರು ಯೂನಿಟ್ಟಿಗೂ ಹೆಚ್ಚು. ಗಂಟೆಗೆ 45 ಮೈಲಿಯಲ್ಲಿ ಶೇ. 7ರ ಇಳಿಜಾರಿನಲ್ಲಿ ವೇಗ ಏರದಂತೆ ಹಿಡಿದಿಡಲು ಸುಮಾರು 180 ಅಶ್ವಶಕ್ತಿಯಷ್ಟನ್ನು ಎಲ್ಲಿಯಾದರೂ ಕಳೆಯಬೇಕು. ಎದುರುಗಾಳಿ ಮತ್ತು ಟೈರಿನ ಘರ್ಷಣೆ ಒಂದು ಪಾಲನ್ನು ತಿನ್ನುತ್ತವೆ; ಉಳಿದದ್ದು ಬ್ರೇಕಿಗೆ ಹೋದರೆ ಪ್ಯಾಡುಗಳು ಕಾದು ಹೊಗೆಯಾಡುತ್ತವೆ, ಪೆಡಲು ಒತ್ತಿದರೂ ಹಿಡಿತ ಸಿಗುವುದಿಲ್ಲ.

ಡೀಸೆಲ್ ಎಂಜಿನ್ನಿನ ಸ್ವಭಾವವನ್ನು ಇಲ್ಲಿ ತಿಳಿದಿರಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಗಾಳಿಯನ್ನು ತಡೆಯುವ ಥ್ರಾಟಲ್ ಇದರಲ್ಲಿ ಆ ಕೆಲಸ ಮಾಡುವುದಿಲ್ಲವಾದ್ದರಿಂದ, ಆಕ್ಸಿಲರೇಟರ್ ಬಿಟ್ಟ ಮಾತ್ರಕ್ಕೆ ಗಾಡಿ ನಿಧಾನಿಸುವುದು ತೀರ ಕಡಿಮೆ. ಅದಕ್ಕಾಗಿಯೇ ಎಕ್ಸಾಸ್ಟ್ ಬ್ರೇಕ್ ಇದೆ. ಗುಂಡಿ ಒತ್ತಿ ಕಾಲು ತೆಗೆದರೆ ಟರ್ಬೊದೊಳಗಿನ ಚಲಿಸುವ ಎಸಳುಗಳು ಮುಚ್ಚಿಕೊಂಡು ಹೊಗೆಯ ದಾರಿಯನ್ನು ಕಿರಿದಾಗಿಸುತ್ತವೆ; ಪಿಸ್ಟನ್‌ಗಳು ಆ ಒತ್ತಡದ ವಿರುದ್ಧ ತಳ್ಳಬೇಕಾಗಿ ಬಂದು, ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಭಾರ ಎಳೆಯುವಾಗ ಬಳಸಲೆಂದೇ ಇರುವ ಟೋ-ಹಾಲ್ ಮೋಡ್ ಹಾಕಿದ್ದರೆ ಗೇರ್‌ಬಾಕ್ಸು ತಾನಾಗಿಯೇ ಕೆಳಗಿನ ಗೇರಿಗೆ ಇಳಿದು ನೆರವಾಗುತ್ತದೆ. ಸರಿಯಾದ ವೇಗದಲ್ಲಿ ಇಳಿಜಾರನ್ನು ಪ್ರವೇಶಿಸಿದ್ದರೆ ಸಿಲ್ವರ್‌ಥಾರ್ನ್‌ವರೆಗೆ ಕಾಲನ್ನು ಬ್ರೇಕಿನ ಮೇಲೆ ಇಡುವುದೇ ಅಪರೂಪ.

ಶಿರಾಡಿ ಸಕಲೇಶಪುರ

ಘಟ್ಟದ ದಾರಿಯವರ ಮಾತಿಗೆ ನನ್ನದೊಂದು ಸೇರ್ಪಡೆ. ನಮ್ಮ ತಂದೆಯವರು ಮಂಗಳೂರು ಬಂದರಿನಿಂದ ಬೆಂಗಳೂರಿಗೆ ಲಾರಿ ಓಡಿಸುತ್ತಿದ್ದವರು. ಶಿರಾಡಿಯಲ್ಲಿ ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂಬುದು ಕ್ಲೀನರ್ ಹುಡುಗರಿಗೆ ಅವರು ಹೇಳುತ್ತಿದ್ದ ಮೊದಲ ಪಾಠ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಮ್ಮ ಊರಿನಲ್ಲಿ ಪಿಕಪ್ ಎಂದರೆ ತರಕಾರಿ, ಹುಲ್ಲು, ಸಿಮೆಂಟ್ ಹೊರುವ ಗಾಡಿ, ಟ್ರೇಲರ್ ಎಂದರೆ ಟ್ರ್ಯಾಕ್ಟರಿನ ಹಿಂದಿನದು. ಆದರೂ ಆ ಪಾಠ ಐ-70ಕ್ಕೂ ಹಾಗೆಯೇ ಹೊಂದುತ್ತದೆ, ಏಕೆಂದರೆ ಇಳಿಜಾರು ಆರಂಭವಾಗುವ ಮುನ್ನವೇ ವೇಗ ಇಳಿಸಬೇಕೇ ಹೊರತು ವೇಗ ಏರಿದ ಮೇಲೆ ಗೇರ್ ಹುಡುಕಬಾರದು.

ಹೊಸಬರು ಹಿಂತಿರುಗುವಾಗ ಡೆನ್ವರ್ ಕಡೆಗಿನ ಕೊನೆಯ ಇಳಿಜಾರನ್ನು ಹಗುರವಾಗಿ ತೆಗೆದುಕೊಳ್ಳಬಾರದು. ದೊಡ್ಡ ಪರ್ವತಗಳೆಲ್ಲ ಮುಗಿದವು ಎಂಬ ಸಮಾಧಾನ ಬರುವ ಜಾಗವದು. 2019ರ ಏಪ್ರಿಲ್‌ನಲ್ಲಿ ಬ್ರೇಕ್ ಕಳೆದುಕೊಂಡ ಲಾರಿಯೊಂದು ಅಲ್ಲಿಯೇ ಇಳಿದು ಬಂದು, ತುರ್ತಾಗಿ ನಿಲ್ಲಲೆಂದು ಮಾಡಿರುವ ಜಲ್ಲಿಯ ಏರುದಾರಿಯನ್ನೂ ದಾಟಿ, ಲೇಕ್‌ವುಡ್ ಬಳಿ ನಿಂತಿದ್ದ ವಾಹನಗಳಿಗೆ ಗುದ್ದಿ ನಾಲ್ವರು ಪ್ರಾಣ ಕಳೆದುಕೊಂಡರು. ಆ ಜಲ್ಲಿಯ ದಾರಿಗಳು ಬರೀ ಲಾರಿಗಳಿಗಲ್ಲ. ಟ್ರೇಲರ್ ಎಳೆಯುವವರಿಗೂ ಅವು ಎಲ್ಲಿವೆ ಎಂಬುದು ಮೊದಲೇ ಗೊತ್ತಿರಬೇಕು.

ಮಂಜುಗಡ್ಡೆ ಕಟ್ಟಿದ ಅಥವಾ ಹಿಮ ಬಿದ್ದ ರಸ್ತೆಯಲ್ಲಿ ಎಕ್ಸಾಸ್ಟ್ ಬ್ರೇಕನ್ನು ಆಫ್ ಮಾಡಿಬಿಡಿ. ಅದರ ಹಿಡಿತವೆಲ್ಲ ಎಂಜಿನ್ ತಿರುಗಿಸುವ ಚಕ್ರಗಳಿಗೆ ಮಾತ್ರ ಹೋಗುವುದರಿಂದ, ಅವು ಜಾರಿದರೆ ಹಿಂದಿನ ಟ್ರೇಲರು ಪಿಕಪ್ಪನ್ನು ಅಡ್ಡಕ್ಕೆ ತಳ್ಳಿಬಿಡುತ್ತದೆ.

ಟೆಕ್ಸಾಸ್ ಸಮತಟ್ಟು

ಎಲ್ಲರೂ ಹೊಸಬರನ್ನು ಅನಗತ್ಯವಾಗಿ ಹೆದರಿಸುತ್ತಿದ್ದೀರಿ ಎನಿಸುತ್ತದೆ. ನಮ್ಮ ಹ್ಯೂಸ್ಟನ್ ಸುತ್ತಮುತ್ತ ಮುಕ್ಕಾಲು ಟನ್ ಗಾಡಿಗಳಲ್ಲಿ ಇದಕ್ಕಿಂತ ದೊಡ್ಡ ಟ್ರೇಲರುಗಳನ್ನು ಎಳೆಯುವವರನ್ನು ಪ್ರತಿ ವಾರಾಂತ್ಯದಲ್ಲೂ ನೋಡುತ್ತೇನೆ. ಹಿಂಭಾಗ ತಗ್ಗಿದರೆ ಸ್ಪ್ರಿಂಗಿನ ಜೊತೆಗೆ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿಸಿದರೆ ಗಾಡಿ ಮಟ್ಟಸವಾಗುತ್ತದೆ. ಮುಕ್ಕಾಲು ಟನ್ನಿಗೂ ಒಂದು ಟನ್ನಿಗೂ ಎಂಜಿನ್, ಬ್ರೇಕ್ ಬಹುತೇಕ ಒಂದೇ.

ಡೆಟ್ರಾಯಿಟ್ ಕಡೆಯವನು

ಕೊನೆಯ ಸಾಲಿನಲ್ಲಿ ಅರ್ಧ ಸತ್ಯವಿದೆ, ಸರ್. ಎರಡರ ನಡುವಿನ ಯಾಂತ್ರಿಕ ವ್ಯತ್ಯಾಸ ಕಾಗದದ ಅಂಕಿ ತೋರಿಸುವಷ್ಟು ದೊಡ್ಡದಲ್ಲದಿರಬಹುದು. ಆದರೆ ಏರ್ ಬ್ಯಾಗ್ ಮಾಡುವುದು ಹಿಂಭಾಗವನ್ನು ಎತ್ತುವ ಕೆಲಸವನ್ನಷ್ಟೇ. ಆಕ್ಸಲ್ಲು, ಬೇರಿಂಗು, ಚಕ್ರ, ಟೈರುಗಳ ಮಿತಿಯನ್ನು ಅದು ಒಂದು ಪೌಂಡಿನಷ್ಟೂ ಏರಿಸುವುದಿಲ್ಲ. ಗಾಡಿ ಮಟ್ಟಸವಾಗಿ ಕಾಣುವುದರಿಂದ ತಗ್ಗಿದ ಹಿಂಭಾಗ ಕೊಡುತ್ತಿದ್ದ ಎಚ್ಚರಿಕೆಯೂ ಮರೆಯಾಗುತ್ತದೆ.

ಟೆಕ್ಸಾಸಿನವರು ಇನ್ನೊಂದನ್ನೂ ನೆನಪಿಡಬೇಕು. ಪಿಕಪ್ಪು ಮತ್ತು ಟ್ರೇಲರಿನ ಮಿತಿಗಳ ಮೊತ್ತ 26,000 ಪೌಂಡ್ ಮೀರಿ, ಟ್ರೇಲರು 10,000 ಪೌಂಡಿಗಿಂತ ಹೆಚ್ಚಿನದಾಗಿದ್ದರೆ, ಸ್ವಂತ ವಿಹಾರಕ್ಕೇ ಆದರೂ ಅಲ್ಲಿ ವಾಣಿಜ್ಯೇತರ ಕ್ಲಾಸ್ ಎ ಪರವಾನಗಿ ಬೇಕು. ರಾಜ್ಯದಿಂದ ರಾಜ್ಯಕ್ಕೆ ಈ ನಿಯಮ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವವರಿಗೆ ವೇಗದ ಮಿತಿಯೇ 55 ಮೈಲಿ.

ವೇಬ್ರಿಡ್ಜ್ ಭಕ್ತೆ

ಊಹೆಯ ಲೆಕ್ಕಗಳನ್ನು ಇಷ್ಟು ಹೊತ್ತು ಚರ್ಚಿಸುವ ಬದಲು ತೂಗಿ ನೋಡಬಹುದಲ್ಲ. ಹೆದ್ದಾರಿಯ ಟ್ರಕ್ ಸ್ಟಾಪುಗಳಲ್ಲಿ ಇರುವ ಕ್ಯಾಟ್ ಸ್ಕೇಲ್ ಎಂದರೆ ನಮ್ಮ ಕಡೆಯ ವೇಬ್ರಿಡ್ಜ್. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರಿನ ಆಕ್ಸಲ್‌ಗಳು ಬೇರೆ ಬೇರೆ ಹಾಸಿನ ಮೇಲೆ ಬರುವಂತೆ ನಿಲ್ಲಿಸಬೇಕು. ಒಳಗಿನವರನ್ನು ಕರೆಯುವ ಗುಂಡಿಯನ್ನು ಲಾರಿ ಚಾಲಕರ ಕೈಗೆ ಎಟಕುವ ಎತ್ತರದಲ್ಲಿ ಇಟ್ಟಿರುತ್ತಾರೆ. ಪಿಕಪ್ಪಿನ ಕಿಟಕಿಯಿಂದ ಅದು ಸಿಗದಿದ್ದರೆ ಇಳಿದು ಒತ್ತಬೇಕಾಗುತ್ತದೆ, ಹಿಂದಿನ ಲಾರಿಯವರು ಸ್ವಲ್ಪ ಕಾದರೂ ಪರವಾಗಿಲ್ಲ.

ಚೀಟಿಯಲ್ಲಿ ಮೂರೂ ತೂಕಗಳು ಬೇರೆ ಬೇರೆಯಾಗಿ ಬರುತ್ತವೆ. ಆಮೇಲೆ ಟ್ರೇಲರನ್ನು ಪಕ್ಕದಲ್ಲಿ ಬಿಚ್ಚಿಟ್ಟು, ಅದೇ ಜನ, ಅದೇ ಸಾಮಾನಿನೊಂದಿಗೆ ಪಿಕಪ್ಪನ್ನು ಮಾತ್ರ ಇನ್ನೊಮ್ಮೆ ತೂಗಿ. ಎರಡು ಚೀಟಿಗಳಲ್ಲಿನ ಪಿಕಪ್ ತೂಕದ ವ್ಯತ್ಯಾಸವೇ ನಿಜವಾದ ಪಿನ್ ಭಾರ. ಕಟ್ಟಿದಾಗಿನ ಹಿಂದಿನ ಆಕ್ಸಲ್ಲಿನ ತೂಕವನ್ನು ಬಾಗಿಲ ಕಂಬದ ಮೇಲಿನ ಆಕ್ಸಲ್ ಮಿತಿಯೊಂದಿಗೆ ಹೋಲಿಸಿ ನೋಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಅದು. ನೀರಿನ ಟ್ಯಾಂಕ್ ತುಂಬಿಸಿಯೇ ತೂಗಬೇಕು. ಒಂದು ಗ್ಯಾಲನ್ ನೀರಿಗೆ ಎಂಟು ಪೌಂಡಿಗಿಂತ ಹೆಚ್ಚು ತೂಕವಿದೆ.

ಟ್ರೇಲರಿನ ವಿದ್ಯುತ್ ಬ್ರೇಕುಗಳ ಗೇನ್, ಅಂದರೆ ಅವು ಹಿಡಿಯುವ ಬಲವನ್ನು, ಹೊಂದಿಸುವುದನ್ನೂ ಹೊರಡುವ ಮುನ್ನವೇ ಮುಗಿಸಿಕೊಳ್ಳಿ. ಖಾಲಿ ಮೈದಾನದಲ್ಲಿ ಗಂಟೆಗೆ 20–25 ಮೈಲಿ ವೇಗದಲ್ಲಿ ಹೋಗುತ್ತ ಡ್ಯಾಶ್‌ಬೋರ್ಡಿನಲ್ಲಿರುವ, ಟ್ರೇಲರಿನ ಬ್ರೇಕನ್ನಷ್ಟೇ ಹಾಕುವ ಲಿವರನ್ನು ಪೂರ್ತಿ ಹಿಂಡಿದರೆ, ಟ್ರೇಲರು ಪಿಕಪ್ಪನ್ನು ಹಿಂದಕ್ಕೆ ಜಗ್ಗಬೇಕು, ಆದರೆ ಅದರ ಚಕ್ರಗಳು ಕಚ್ಚಿಕೊಂಡು ಉಜ್ಜಬಾರದು. ಉಜ್ಜಿದರೆ ಗೇನ್ ಸ್ವಲ್ಪ ಇಳಿಸಿ. ಟ್ರೇಲರು ಓಲಾಡತೊಡಗಿದಾಗಲೂ ಕೈ ಹೋಗಬೇಕಾದದ್ದು ಆ ಲಿವರಿಗೇ; ಪಿಕಪ್ಪಿನ ಬ್ರೇಕ್ ತುಳಿದರೆ ಓಲಾಟ ಹೆಚ್ಚುತ್ತದೆ.

ಟೈರಿನ ಬಗ್ಗೆ ಚಿಕ್ಕದಾಗಿ: ಎಸ್‌ಟಿ ಗುರುತಿನ ಟ್ರೇಲರ್ ಟೈರುಗಳಲ್ಲಿ ಅನೇಕವು ಗಂಟೆಗೆ 65 ಮೈಲಿಗಷ್ಟೇ ತಯಾರಾದವು. ಯೂಟಾದ ಹೆದ್ದಾರಿಯಲ್ಲಿ 80ರ ಫಲಕ ಕಂಡರೂ ಅದು ನಿಮಗಲ್ಲ.

ಅರೋರಾದ ಹೊಸಬ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಆ ಗಾಡಿಯ ಬಾಗಿಲು ತೆರೆದು ನೋಡಿದೆ. ಚೀಟಿಯಲ್ಲಿ ಇರುವುದು 2,214 ಪೌಂಡ್. ಮಾರಾಟಗಾರರಿಗೆ ಅದನ್ನು ತೋರಿಸಿದಾಗ, ಅದನ್ನು ಯಾರೂ ನೋಡುವುದಿಲ್ಲ ಎಂದು ನಕ್ಕರು. ಪೆಟ್ರೋಲ್ ಪಕ್ಷದವರ ಮಾತನ್ನು ಮನೆಯವರೊಂದಿಗೆ ಚರ್ಚಿಸಿ, ಕಚೇರಿಗೆ ಹಳೆಯ ಕಾರನ್ನೇ ಉಳಿಸಿಕೊಂಡು, ಟ್ರೇಲರಿಗಾಗಿ ಹಿಂದೆ ಎರಡೇ ಚಕ್ರದ ಒಂದು ಟನ್ ಡೀಸೆಲ್ ನೋಡುವುದೆಂದು ತೀರ್ಮಾನಿಸಿದ್ದೇವೆ. ಈಗ ನೋಡುತ್ತಿರುವ ಗಾಡಿಯ ಬಾಗಿಲಿನಲ್ಲಿ ಆ ಹಳದಿ ಚೀಟಿಯೇ ಕಾಣುತ್ತಿಲ್ಲ, ಲೋಡ್ ಬಾಡಿಯೂ ಗಿಡ್ಡದು. ಇವೆರಡರ ಬಗ್ಗೆ ಏನಾದರೂ ತಿಳಿಸುವಿರಾ?

ಘಟ್ಟದ ದಾರಿ

ಒಟ್ಟು ಮಿತಿ 10,000 ಪೌಂಡಿಗಿಂತ ಹೆಚ್ಚಿರುವ ಗಾಡಿಗಳಿಗೆ ಆ ಚೀಟಿ ಕಡ್ಡಾಯವಲ್ಲ. ತಯಾರಕರ ಪ್ರಮಾಣದ ಇನ್ನೊಂದು ಚೀಟಿ ಅಲ್ಲಿಯೇ ಇರುತ್ತದೆ. ಅದರಲ್ಲಿ ಗಾಡಿಯ ಒಟ್ಟು ಮಿತಿ ಮತ್ತು ಎರಡೂ ಆಕ್ಸಲ್‌ಗಳ ಮಿತಿಗಳನ್ನು ಬರೆದಿರುತ್ತಾರೆ. ಪರೀಕ್ಷಾ ಸವಾರಿಯ ನೆಪದಲ್ಲಿ ಗಾಡಿಯನ್ನು ಹತ್ತಿರದ ಟ್ರಕ್ ಸ್ಟಾಪಿಗೆ ಒಯ್ದು, ಟ್ಯಾಂಕ್ ತುಂಬ ಡೀಸೆಲ್ ಇರುವಾಗ ತೂಗಿ, ಆ ತೂಕವನ್ನು ಒಟ್ಟು ಮಿತಿಯಿಂದ ಕಳೆಯಿರಿ. ನಾನು ಮೊದಲು ಹೇಳಿದ 3,550ರಲ್ಲಿ ಚಾಲಕನ ತೂಕವೂ ಸೇರಿದೆ, ತೂಗುವಾಗ ನೀವೂ ಒಳಗಿರುತ್ತೀರಿ ಎಂಬುದನ್ನು ಮರೆಯದಿರಿ. ಈ ವರ್ಗದಲ್ಲಿ ಸಾಮಾನ್ಯವಾಗಿ 3,500ರಿಂದ 4,000ದ ನಡುವೆ ಸಿಗುತ್ತದೆ. 3,600ಕ್ಕಿಂತ ಕಡಿಮೆ ಬಂದರೆ ಬೇರೆ ಗಾಡಿ ನೋಡಿ, ಇಲ್ಲವೇ ಟ್ರೇಲರನ್ನು ಒಂದು ಅಳತೆ ಇಳಿಸಿ.

ಗಿಡ್ಡ ಬಾಡಿಯಲ್ಲಿ ತೀರ ಬಿಗಿಯಾಗಿ ತಿರುಗಿಸುವಾಗ, ಅದರಲ್ಲೂ ಕ್ಯಾಂಪಿನೊಳಗೆ ಹಿಂದಕ್ಕೆ ತೆಗೆಯುವಾಗ, ಟ್ರೇಲರಿನ ಮೂಲೆ ಕ್ಯಾಬಿನ್ನಿನ ಹಿಂಗಾಜಿಗೆ ತಗಲುವ ಸಂಭವವಿದೆ. ಎಂಟು ಅಡಿಯ ಬಾಡಿ ಸಿಕ್ಕರೆ ಈ ತಲೆನೋವೇ ಇಲ್ಲ. ಗಿಡ್ಡದ್ದೇ ಆದರೆ ತಿರುವಿನಲ್ಲಿ ಹಿಂದಕ್ಕೆ ಸರಿಯುವ ಸ್ಲೈಡರ್ ಹಿಚ್ ಹಾಕಿಸಿಕೊಳ್ಳಿ. ಅದು ಸಾದಾ ಹಿಚ್ಚಿಗಿಂತ ಭಾರವಾದದ್ದು, ಆದ್ದರಿಂದ ಅದರ ತೂಕವನ್ನು ನಾನು ಹಿಡಿದ 150 ಪೌಂಡಿನ ಜಾಗದಲ್ಲಿ ಸೇರಿಸಿ ಇನ್ನೊಮ್ಮೆ ಕೂಡಿ ನೋಡಿ.